ಪ್ರತಿ ಸಾಲಿನಲ್ಲೂ ‘ಅಡ್ಮಿನ್’: ಸಾಫ್ಟ್‌ವೇರ್ ಜೊತೆ ಬಂದ ಪಾಸ್‌ವರ್ಡ್ ಬದಲಾಯಿಸುವುದು ಹೇಗೆ

ಕುಶಾಲನಗರದ ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕಾರ್ಖಾನೆ) ಜನವರಿಯ ಒಂದು ಬೆಳಿಗ್ಗೆ ಹನ್ನೊಂದು ಲಾಟುಗಳ ಔಟ್‌ಟರ್ನ್ ಅಂಕಿ ಬದಲಾಗಿತ್ತು. 50 ಕೆಜಿಯ ರೊಬಸ್ಟಾ ಚೆರಿ ಮೂಟೆಯಿಂದ ಎಷ್ಟು ಕೆಜಿ ಕ್ಲೀನ್ ಕಾಫಿ ಸಿಗುತ್ತದೆ ಎನ್ನುವ ಆ ಒಂದು ಅಂಕಿಯ ಮೇಲೆ ಬೆಳೆಗಾರರ ವರ್ಷದ ದುಡ್ಡು ನಿಂತಿರುತ್ತದೆ. 27 ಇದ್ದದ್ದು 25 ಆಗಿತ್ತು. ತಿದ್ದಿದ್ದು ಯಾರು ಎಂದು ಸಾಫ್ಟ್‌ವೇರಿನ ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ, ತೆಗೆದರೆ ಪ್ರತಿ ಸಾಲಿನಲ್ಲೂ ಒಂದೇ ಹೆಸರು: ಅಡ್ಮಿನ್.

ಆ ಅಡ್ಮಿನ್ ಪಾಸ್‌ವರ್ಡ್, ಸಾಫ್ಟ್‌ವೇರ್ ಹಾಕಿಕೊಟ್ಟ ದಿನ ಬಂದದ್ದೇ. ಆರು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ತೂಕದ ಕೋಣೆಯವರಿಗೆ, ಲೆಕ್ಕದವರಿಗೆ, ಸರ್ವಿಸ್‌ಗೆ ಬರುತ್ತಿದ್ದ ಹುಡುಗರಿಗೆ, ಕೆಲಸ ಬಿಟ್ಟು ಹೋದವರಿಗೆ, ಎಲ್ಲರಿಗೂ ಗೊತ್ತಿತ್ತು. ಸಂಶಯ ಬಂದದ್ದು ಮಾತ್ರ ಹಿಂದಿನ ಸಂಜೆ ಕೊನೆಗೆ ಬೀಗ ಹಾಕಿದ್ದ ಗುಮಾಸ್ತೆಯ ಮೇಲೆ. “ಅಕ್ಕ, ನಾನು ಮುಟ್ಟಿಲ್ಲ. ಮುಟ್ಟಿಲ್ಲ ಅಂತ ಹೇಗೆ ತೋರಿಸಲಿ?” ಎಂದು ಆಕೆ ನನ್ನನ್ನು ಕೇಳಿದಳು. ತೋರಿಸುವ ದಾರಿ ನನ್ನ ಹತ್ತಿರವೂ ಇರಲಿಲ್ಲ. ಕಾಗದದ ಚೀಟಿ ನೋಡಿ ಅಂಕಿ ಸರಿ ಮಾಡಿದೆವು. ಆಕೆ ಆ ವಾರವೇ ಕೆಲಸ ಬಿಟ್ಟಳು. ನನಗೆ ಇವತ್ತಿಗೂ ಅದು ನೋವು.

ಸುಂಟಿಕೊಪ್ಪದಿಂದ ಗೋಣಿಕೊಪ್ಪದವರೆಗೆ ಕ್ಯೂರಿಂಗ್ ವರ್ಕ್ಸ್, ಹೋಂಸ್ಟೇ, ರೆಸಾರ್ಟ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಆ ಜನವರಿಯ ನಂತರ ಯಾವ ಆಫೀಸಿಗೆ ಹೋದರೂ ಮೊದಲು ಈ ಕೆಲಸ ಮುಗಿಸುತ್ತೇನೆ. ನೀವೂ ಮಾಡಬಹುದು, ಒಂದು ಭಾನುವಾರ ಸಾಕು.

ಮೊದಲು ಒಂದು ನೋಟ್‌ಬುಕ್ ಹಿಡಿದು ಆಫೀಸು ಸುತ್ತಿ. ಲಾಗಿನ್ ಕೇಳುವ ಪ್ರತಿಯೊಂದನ್ನೂ ಬರೆದುಕೊಳ್ಳಿ: ತೂಕದ ಸಾಫ್ಟ್‌ವೇರ್, ಲೆಕ್ಕದ ಸಾಫ್ಟ್‌ವೇರ್, ರೂಮ್ ಬುಕಿಂಗ್, ರೌಟರ್, ಸಿಸಿಟಿವಿಯ ದೃಶ್ಯ ದಾಖಲಿಸುವ ಡಿವಿಆರ್, ಬೆರಳಚ್ಚಿನ ಹಾಜರಿ ಯಂತ್ರ, ನೆಟ್‌ವರ್ಕ್ ಪ್ರಿಂಟರ್, ಬ್ಯಾಕಪ್ ಡಬ್ಬ. ಹೆಚ್ಚಿನವರು ಬಿಟ್ಟುಬಿಡುವುದು ಸಾಫ್ಟ್‌ವೇರಿನ ಕೆಳಗಿರುವ, ಅಂಕಿಗಳೆಲ್ಲ ಕೂಡಿಟ್ಟಿರುವ ಡೇಟಾಬೇಸನ್ನು. ತೆರೆಯ ಮೇಲಿನ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಡೇಟಾಬೇಸಿನ ಅಡ್ಮಿನ್ ಖಾತೆ ಹಳೆಯದೇ ಇದ್ದರೆ ಅಂಕಿಯನ್ನು ನೇರವಾಗಿ ಅಲ್ಲೇ ತಿದ್ದಬಹುದು. 2002ರಲ್ಲಿ ಸ್ಪೈಡಾ ಎಂಬ ವರ್ಮ್ (ತಾನೇ ಹರಡುವ ದುಷ್ಟ ಪ್ರೋಗ್ರಾಂ) ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ಗಳಲ್ಲಿ ಪಾಸ್‌ವರ್ಡೇ ಇಲ್ಲದ ‘ಎಸ್‌ಎ’ ಎಂಬ ಅಡ್ಮಿನ್ ಖಾತೆಗಳನ್ನು ಹುಡುಕಿಕೊಂಡು ಒಳಹೊಕ್ಕಿತ್ತು. ಖಾಲಿ ಬಿಟ್ಟ ‘ಎಸ್‌ಎ’ಯನ್ನು ನಾನು ನಮ್ಮ ಜಿಲ್ಲೆಯಲ್ಲೇ ಎರಡು ಕಡೆ ನೋಡಿದ್ದೇನೆ.

ಆಮೇಲೆ ಪ್ರತಿಯೊಂದರ ಮ್ಯಾನುಯಲ್ ತೆಗೆದು, ತಯಾರಕರು ಕೊಟ್ಟ ಪಾಸ್‌ವರ್ಡ್ ಈಗಲೂ ನಡೆಯುತ್ತದೆಯೇ ನೋಡಿ. ನಿಮ್ಮದೇ ಯಂತ್ರಗಳಲ್ಲಿ ಮಾತ್ರ. ಪಕ್ಕದ ತೋಟದವರ ಡಿವಿಆರ್ ಅನ್ನು ಒಳ್ಳೆಯ ಉದ್ದೇಶದಿಂದ ಪರೀಕ್ಷಿಸಿದರೂ ಅದು ಅತಿಕ್ರಮಣವೇ. ಈ ಪಾಸ್‌ವರ್ಡ್‌ಗಳಲ್ಲಿ ಗುಟ್ಟೇನೂ ಇಲ್ಲ. ಒರಾಕಲ್ ಡೇಟಾಬೇಸಿನ ‘ಸ್ಕಾಟ್, ಟೈಗರ್’ ಎಂಬ ಹೆಸರು-ಪಾಸ್‌ವರ್ಡ್ ಜೋಡಿ ಕಂಪ್ಯೂಟರ್ ಓದಿದ ಹುಡುಗರಿಗೆಲ್ಲ ಬಾಯಿಪಾಠ. ನೆಟ್‌ವರ್ಕ್ ಮೇಲೆ ಕಣ್ಣಿಡುವ ಝಾಬಿಕ್ಸ್ ಸಾಫ್ಟ್‌ವೇರಿಗೆ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ‘ಝಾಬಿಕ್ಸ್’. ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಗ್ರಾಫಾನಾದಲ್ಲಿ ಎರಡೂ ‘ಅಡ್ಮಿನ್’. ಮೊದಲ ಲಾಗಿನ್‌ನಲ್ಲೇ ಬದಲಾಯಿಸಿ ಎಂದು ಅದು ಕೇಳುತ್ತದೆ, ಆದರೆ ಸ್ಕಿಪ್ ಬಟನ್ನೂ ಅಲ್ಲೇ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಥ 60ರಷ್ಟು ಜೋಡಿಗಳ ಪಟ್ಟಿ ಹಿಡಿದು ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶ ಮಾಡಿಕೊಂಡಿತು. 2023ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಎಂಬ ಊರಿನ ನೀರು ಸರಬರಾಜಿನ ಒಂದು ನಿಯಂತ್ರಕಕ್ಕೆ ಹೊರಗಿನವರು ಕೈಹಾಕಿದರು. ಆ ಬಗೆಯ ಯಂತ್ರದ ಜೊತೆ ಬರುವ ಪಾಸ್‌ವರ್ಡ್ 1111. “ನಮ್ಮ ಸಣ್ಣ ಆಫೀಸು ಯಾರಿಗೆ ಬೇಕು?” ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಹುಡುಕುವ ಪ್ರೋಗ್ರಾಂ ಊರು ನೋಡುವುದಿಲ್ಲ, ತೆರೆದ ಬಾಗಿಲು ನೋಡುತ್ತದೆ.

ಈಗ ಬದಲಾಯಿಸುವುದು. ಅವಸರ ಬೇಡ, ನಾನು ಒಮ್ಮೆ ಎಡವಿದ್ದು ಇಲ್ಲೇ. ಡೇಟಾಬೇಸಿನ ಪಾಸ್‌ವರ್ಡನ್ನು ಸೋಮವಾರ ಬೆಳಿಗ್ಗೆ ಬದಲಾಯಿಸಿಬಿಟ್ಟೆ. ತೂಕದ ಸಾಫ್ಟ್‌ವೇರ್ ಹಳೆಯ ಪಾಸ್‌ವರ್ಡನ್ನೇ ಹಿಡಿದು ಕೂತಿತ್ತು. ಗೇಟಿನ ಹೊರಗೆ ಚೆರಿ ಹೇರಿದ ಪಿಕಪ್‌ಗಳು ಸಾಲು ನಿಂತವು, ಮಧ್ಯಾಹ್ನದವರೆಗೆ ಒಂದು ಮೂಟೆಯೂ ತೂಗಲಾಗಲಿಲ್ಲ. ಆದ್ದರಿಂದ ಆ ಪಾಸ್‌ವರ್ಡನ್ನು ಯಾರ್‍ಯಾರು ಬಳಸುತ್ತಿದ್ದಾರೆ ಎಂದು ಮೊದಲೇ ಪತ್ತೆ ಮಾಡಿ: ಸಾಫ್ಟ್‌ವೇರಿನ ಸೆಟ್ಟಿಂಗ್ ಬರೆದಿಟ್ಟ ಕಾನ್ಫಿಗ್ ಫೈಲ್, ತೆರೆಯ ಹಿಂದೆ ಓಡುವ ವಿಂಡೋಸ್ ಸರ್ವಿಸ್‌ಗಳು, ರಾತ್ರಿ ಓಡುವ ಬ್ಯಾಕಪ್, ಹಾಜರಿ ಯಂತ್ರದಿಂದ ಸಂಬಳದ ಲೆಕ್ಕಕ್ಕೆ ಹೋಗುವ ಕೊಂಡಿ. ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ನಲ್ಲಿ ಮಾಡಿದರೆ ಉತ್ತಮ. ಅಲ್ಲಿಯವರೆಗೆ ಕಾಯುವಂತಿಲ್ಲದಿದ್ದರೆ ಭಾನುವಾರ. ಬ್ಯಾಕಪ್ ತೆಗೆದು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಕೈ ಹಚ್ಚಿ.

ನಾನು ಅನುಸರಿಸುವ ಕ್ರಮ ಇದು. ಮೊದಲು ಇಬ್ಬರ ಸ್ವಂತ ಹೆಸರಿನಲ್ಲಿ ಎರಡು ಅಡ್ಮಿನ್ ಖಾತೆ ಮಾಡುತ್ತೇನೆ. ಹಳೆಯ ಲಾಗಿನ್ ತೆರೆದಿಟ್ಟುಕೊಂಡೇ, ಇನ್ನೊಂದು ಬ್ರೌಸರಿನಲ್ಲಿ ಹೊಸ ಖಾತೆಗಳು ಒಳಗೆ ಬಿಡುತ್ತವೆಯೇ ಎಂದು ನೋಡುತ್ತೇನೆ. ಬಿಟ್ಟರೆ, ಜೊತೆಗೆ ಬಂದ ಅಡ್ಮಿನ್ ಖಾತೆಗೆ ಉದ್ದದ ಪಾಸ್‌ವರ್ಡ್ ಹಾಕಿ ನಿಷ್ಕ್ರಿಯ ಮಾಡುತ್ತೇನೆ. ಅಳಿಸುವ ಮೊದಲು ಮ್ಯಾನುಯಲ್ ಓದಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಕಲಿತ ಪಾಠ ಅದು: ದೊಡ್ಡ ಕಂಪನಿಗಳ ಲೆಕ್ಕ ನೋಡುವ ಸ್ಯಾಪ್ ಸಾಫ್ಟ್‌ವೇರಿನಲ್ಲಿ ಜೊತೆಗೇ ಬರುವ ‘ಸ್ಯಾಪ್ ಸ್ಟಾರ್’ (SAP*) ಖಾತೆಯನ್ನು ಅಳಿಸಿದರೆ, ಅದಕ್ಕೆ ತಡೆಯ ಸೆಟ್ಟಿಂಗ್ ಇಲ್ಲದಿದ್ದಲ್ಲಿ, ‘ಪಾಸ್’ ಎಂಬ ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಹೊತ್ತು ಅದು ಮತ್ತೆ ಎದ್ದು ಬರುತ್ತದೆ. ಕೊನೆಗೆ, ತೂಕದವರಿಗೆ ತೂಕ ಬರೆಯುವಷ್ಟು, ಲೆಕ್ಕದವರಿಗೆ ಲೆಕ್ಕ ನೋಡುವಷ್ಟು ಮಾತ್ರ ಹಕ್ಕು ಕೊಟ್ಟು ಒಬ್ಬೊಬ್ಬರಿಗೂ ಬೇರೆ ಖಾತೆ. ಡೇಟಾಬೇಸಿಗೆ ಸಾಫ್ಟ್‌ವೇರ್ ಕೂಡ ‘ಎಸ್‌ಎ’ ಆಗಿ ಹೋಗದೆ ತನ್ನದೇ ಖಾತೆಯಲ್ಲಿ ಹೋಗಲಿ. ಆ ಗುಮಾಸ್ತೆಗೆ ಹೀಗೊಂದು ಸ್ವಂತ ಖಾತೆ ಇದ್ದಿದ್ದರೆ ಅವಳ ಪರವಾಗಿ ಲಾಗ್ ತೋರಿಸಬಹುದಿತ್ತು.

ಪಾಸ್‌ವರ್ಡ್‌ನಲ್ಲಿ ಮನೆತನದ ಹೆಸರು, ತೋಟದ ಹೆಸರು, ‘ಕೂರ್ಗ್’ ಮುಂದೆ 123, ಇವು ಯಾವುವೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಪೋಣಿಸಿ. ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಅಂಟಿನ ಮೇಲೆ ಸಹಿ ಹಾಕಿ ಬೀರುವಿನಲ್ಲಿಡಿ. ಪಾಸ್‌ವರ್ಡ್ ಆದ ಮೇಲೆ ಕೇಳುವ ಎರಡನೇ ಹಂತದ ಕೋಡ್ ಎಸ್‌ಎಂಎಸ್‌ನಲ್ಲಿ ಬರುವಂತೆ ಇಡಬೇಡಿ: ಜುಲೈ ಮಳೆಯಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದರೆ ಎಸ್‌ಎಂಎಸ್ ಬರುವುದಿಲ್ಲ. ಆ ಕೋಡನ್ನು ಫೋನಿನಲ್ಲೇ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ಗೆ ನೆಟ್‌ವರ್ಕ್ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು.

ರೌಟರ್ ಮತ್ತು ಡಿವಿಆರ್‌ಗಳ ಅಡ್ಮಿನ್ ಪುಟ ಹೊರಗಿನ ಇಂಟರ್ನೆಟ್‌ನಿಂದ ತೆರೆಯದಂತೆ ಮಾಡಿ. ಇನ್ನೊಂದು ಮಾತು ನಮ್ಮ ಊರುಗಳಿಗೆ ಮುಖ್ಯ. ಹೂಮಳೆಯ ಗುಡುಗು ಸಿಡಿಲಿಗೆ ಇಲ್ಲಿ ವರ್ಷಕ್ಕೊಂದು ರೌಟರ್ ಸುಡುತ್ತದೆ. ಹೊಸದು ಬರುವಾಗ ಹಳೆಯ ‘ಅಡ್ಮಿನ್, ಅಡ್ಮಿನ್’ ಜೊತೆಗೇ ಬರುತ್ತದೆ. ರೀಸೆಟ್ ಮಾಡಿದರೂ ಅಷ್ಟೇ. ಯಾವ ಯಂತ್ರ ಬದಲಾದರೂ ನೋಟ್‌ಬುಕ್ಕಿನಲ್ಲಿ ಅದರ ಮುಂದೆ ತಾರೀಕು ಹಾಕಿ ಮತ್ತೆ ಪರೀಕ್ಷಿಸಿ.

ಪರೀಕ್ಷಿಸುವಾಗ ನೀವು ಮಾಡದ ಖಾತೆ ಕಂಡರೆ, ಗೊತ್ತಿಲ್ಲದ ಕಡೆಯಿಂದ ಲಾಗಿನ್ ಆಗಿದ್ದರೆ, ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಫಾರ್ಮ್ಯಾಟ್ ಮಾಡಬೇಡಿ, ಲಾಗ್ ಅಳಿದುಹೋಗುತ್ತದೆ. ಏಪ್ರಿಲ್ 2022ರ ಆದೇಶದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಾಫ್ಟ್‌ವೇರ್ ಹಾಕಲು ಬಂದವರು “ಮೇಡಂ, ಪಾಸ್‌ವರ್ಡ್ ಬದಲಾಯಿಸಬೇಡಿ, ಸರ್ವಿಸ್‌ಗೆ ಬಂದಾಗ ನಮಗೆ ತೊಂದರೆ” ಎನ್ನುತ್ತಾರೆ. ಒಪ್ಪಬೇಡಿ. ಅವರಿಗೆ ಅವರದೇ ಹೆಸರಿನ ಖಾತೆ ಮಾಡಿ, ಅವರು ಬಂದ ದಿನ ತೆರೆದು, ಹೋದ ಮೇಲೆ ಮುಚ್ಚಿ. ಈಗ ನಾನು ಕೊಟೇಶನ್ ಒಪ್ಪುವ ಮೊದಲೇ ಒಂದು ಸಾಲು ಸೇರಿಸುತ್ತೇನೆ: ಜೊತೆಗೆ ಬಂದ ಎಲ್ಲ ಪಾಸ್‌ವರ್ಡ್‌ಗಳನ್ನೂ ನಮ್ಮೆದುರು ಬದಲಾಯಿಸಿ, ಪಟ್ಟಿಗೆ ಸಹಿ ಹಾಕಿದ ಮೇಲೆಯೇ ಕೊನೆಯ ಕಂತಿನ ಚೆಕ್.