ಕ್ಲೂನಿ ಮಠದ ಚರಿತ್ರೆಯನ್ನು ಅದರ ದಾನಪತ್ರದಿಂದ ಓದುವ ಕ್ರಮ

ಯುರೋಪಿನ ಮಧ್ಯಯುಗದ ಪಾಠ ಬಂದಾಗ ವಿಜಯಪುರದ ಕಡೆಯ ನಮ್ಮ ಪದವಿ ವಿದ್ಯಾರ್ಥಿಗಳು ಬೆನೆಡಿಕ್ಟೈನ್ ಮಠಗಳನ್ನು, ಅಂದರೆ ಸಂತ ಬೆನೆಡಿಕ್ಟನ ನಿಯಮದಂತೆ ನಡೆಯುವ ಕ್ರೈಸ್ತ ಸನ್ಯಾಸಿಗಳ ಮಠಗಳನ್ನು, ಇಸವಿ ಮತ್ತು ಹೆಸರುಗಳ ಪಟ್ಟಿಯಾಗಿ ಬಾಯಿಪಾಠ ಮಾಡಿ ಮುಗಿಸುತ್ತಾರೆ. ಇದು ನನಗೆ ನೋವಿನ ಸಂಗತಿ, ಏಕೆಂದರೆ ದಾನಶಾಸನಗಳ ನಾಡಿನಲ್ಲಿ ಬೆಳೆದವರಿಗೆ ಆ ಮಠಗಳ ದಾಖಲೆಗಳು ಪರಕೀಯವಾಗಿ ತೋರಬೇಕಾಗಿಲ್ಲ. ಫ್ರಾನ್ಸಿನ ಬರ್ಗಂಡಿ ಪ್ರಾಂತದ ಕ್ಲೂನಿ ಮಠವನ್ನು ಇಟ್ಟುಕೊಂಡು ಓದುವ ಕ್ರಮವನ್ನು ವಿವರಿಸುತ್ತೇನೆ.

ಮೊದಲು ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ಓದಿಕೊಳ್ಳಬೇಕು. ಶಕ 867, ಅಂದರೆ ಕ್ರಿ.ಶ. 945ರ ಈ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಸಂದ ದತ್ತಿಗಳನ್ನು ಹೇಳುತ್ತದೆ: 500 ನಿವರ್ತನ (ಹಳೆಯ ನೆಲದಳತೆ) ಭೂಮಿ, ವಿದ್ಯಾರ್ಥಿಗಳಿಗೆ 27 ಮನೆ, ದೀಪಕ್ಕೆಂದೇ 12 ನಿವರ್ತನ, ಊರಿನಲ್ಲಿ ಮದುವೆಯಾದರೆ ಸಲ್ಲಬೇಕಾದ ಕಾಣಿಕೆ. ಯಾರು ಕೊಟ್ಟರು, ಏನು ಕೊಟ್ಟರು, ಯಾವ ಕೆಲಸಕ್ಕೆ, ಯಾವ ಕಟ್ಟಳೆಯ ಮೇಲೆ ಎಂಬ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು, ಅದೇ ಹಾಳೆಯೊಂದಿಗೆ ಕ್ಲೂನಿಯ ದಾನಪತ್ರಕ್ಕೆ ಬರಬೇಕು.

ಅಕ್ವಿಟೇನಿನ ಡ್ಯೂಕ್ ವಿಲಿಯಂ ಬೂರ್ಜ್ ಪಟ್ಟಣದಲ್ಲಿ ಬರೆಸಿದ ಈ ಪತ್ರದಲ್ಲಿ ದ್ರಾಕ್ಷಿತೋಟ, ಹೊಲ, ಹುಲ್ಲುಗಾವಲು, ಕಾಡು, ನೀರು, ಗಿರಣಿ, ಜೀತದಾಳುಗಳು, ಸಾಗುವಳಿಯಾದ ಮತ್ತು ಆಗದ ನೆಲ ಎಲ್ಲವೂ ಹೆಸರುಗೊಂಡಿವೆ. ದಾನವು ತನ್ನ, ತನ್ನ ಹೆಂಡತಿಯ, ತಂದೆತಾಯಿಗಳ ಮತ್ತು ಹಿಂದಿನ ದೊರೆಯ ಆತ್ಮಗಳ ಒಳಿತಿಗೆ ಎಂದಿದೆ. ನಮ್ಮ ಶಾಸನಗಳಲ್ಲಿ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಬಿಟ್ಟ ದತ್ತಿಗಳನ್ನು ಕಂಡವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ದೀಪದ ಮಾತೂ ಇಲ್ಲಿದೆ: ಐದು ವರ್ಷಕ್ಕೊಮ್ಮೆ ರೋಮಿನಲ್ಲಿರುವ ಅಪೊಸ್ತಲರ (ಯೇಸುವಿನ ಪ್ರಮುಖ ಶಿಷ್ಯರ) ಗುಡಿಯ ದೀಪಗಳಿಗೆ ಮಠವು ಹತ್ತು ಸೊಲಿಡಸ್ ನಾಣ್ಯ ಸಲ್ಲಿಸಬೇಕು. ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಕಟ್ಟಳೆಯ ಮುಂದೆ. ಮೊದಲ ಮಠಾಧಿಪತಿ ಬೆರ್ನೋ ತೀರಿಕೊಂಡ ನಂತರ ಸನ್ಯಾಸಿಗಳೇ ತಮ್ಮ ಮುಖ್ಯಸ್ಥನನ್ನು ಆರಿಸಿಕೊಳ್ಳಬೇಕು; ಅರಸ, ಬಿಷಪ್, ಕೊನೆಗೆ ಪೋಪ್ ಕೂಡ ಮಠದ ಆಸ್ತಿಯನ್ನು ಮುಟ್ಟುವಂತಿಲ್ಲ. ಕ್ಲೂನಿ ಮುಂದೆ ಯುರೋಪಿನಾದ್ಯಂತ ನೂರಾರು ಶಾಖೆಗಳನ್ನು ಪಡೆದು ಬೆಳೆದುದಕ್ಕೆ ಈ ಒಂದು ವಾಕ್ಯವೇ ಬುನಾದಿಯೆಂದು ನಾನು ನಂಬಿದ್ದೇನೆ.

ಈ ಕಟ್ಟಳೆಯನ್ನು ಮುರಿದವರಿಗೆ ನೂರು ಪೌಂಡು ಚಿನ್ನದ ದಂಡವಿದೆ, ಅದಕ್ಕಿಂತ ದೊಡ್ಡ ಶಾಪವೂ ಇದೆ: ಬೈಬಲಿನಲ್ಲಿ ಭೂಮಿ ಬಾಯ್ತೆರೆದು ನುಂಗಿದ ದಾತಾನ್ ಮತ್ತು ಅಬಿರಾಮರ ಗತಿ, ಯೇಸುವನ್ನು ಹಿಡಿದುಕೊಟ್ಟ ಯೂದನ ಗತಿ. ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಗಲಲಿ ಎನ್ನುವ ನಮ್ಮ ಶಾಪಾಶಯದ ಪಕ್ಕದಲ್ಲಿ ಇದನ್ನಿಟ್ಟು ಓದಿರಿ. ಕಾವಲಿಗೆ ಕೋರ್ಟು ಸಾಲದ ಕಾಲದಲ್ಲಿ ಆಸ್ತಿಯನ್ನು ಭಯಭಕ್ತಿಯಿಂದಲೇ ಕಾಯಬೇಕಾಗಿತ್ತು.

ಇನ್ನು ಇಸವಿ. ಪತ್ರದಲ್ಲಿರುವುದು ದೊರೆ ಚಾರ್ಲ್ಸನ ಆಳ್ವಿಕೆಯ ಹನ್ನೊಂದನೆಯ ವರ್ಷ, ಸೆಪ್ಟೆಂಬರ್ 11 ಮತ್ತು ಇಂಡಿಕ್ಷನ್ 13. ಇಂಡಿಕ್ಷನ್ ಎಂಬುದು ಹದಿನೈದು ವರ್ಷಗಳ ಒಂದು ಚಕ್ರ. ನಮ್ಮ ಅರವತ್ತು ಸಂವತ್ಸರಗಳಂತೆ ಸುತ್ತುತ್ತದೆ. ಇಸವಿಗೆ 3 ಕೂಡಿಸಿ 15ರಿಂದ ಭಾಗಿಸಿದರೆ ಉಳಿಯುವ ಶೇಷವೇ ಇಂಡಿಕ್ಷನ್. ಪುಸ್ತಕಗಳು ಈ ಪತ್ರಕ್ಕೆ ಕೊಡುವ ಇಸವಿಗಳಲ್ಲೊಂದಾದ 910ಕ್ಕೆ 3 ಕೂಡಿಸಿದರೆ 913, ಶೇಷ 13. ಆದರೆ ಇಂಡಿಕ್ಷನ್ ಸೆಪ್ಟೆಂಬರ್ 1ಕ್ಕೇ ಆರಂಭವಾಗುತ್ತದೆಂದು ಹಿಡಿದರೆ 909 ಬರುತ್ತದೆ. ಪುಸ್ತಕಗಳಲ್ಲಿ ಎರಡೂ ಇಸವಿಗಳು ಕಾಣುವುದಕ್ಕೆ ಇದೊಂದು ಕಾರಣ. ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬೇಕು.

ಎಲ್ಲ ಪತ್ರಗಳನ್ನೂ ನಂಬಬಾರದು. ನಮ್ಮಲ್ಲಿ ಶಾಸನತಜ್ಞ ಫ್ಲೀಟ್ ಕೂಟಶಾಸನಗಳನ್ನು (ನಕಲಿ ಶಾಸನಗಳನ್ನು) ಬೇರ್ಪಡಿಸಿದಂತೆ, ಅಲ್ಲಿ ಬೆನೆಡಿಕ್ಟೈನ್ ಸನ್ಯಾಸಿಯೇ ಆಗಿದ್ದ ಮಾಬಿಯೋನ್ 1681ರಲ್ಲಿ ಲಿಪಿ, ಶಾಯಿ, ಮುದ್ರೆ, ಭಾಷೆಗಳಿಂದ ನಕಲಿಯನ್ನು ಗುರುತಿಸುವ ವಿಧಾನವನ್ನು ರೂಪಿಸಿದನು.

ಪತ್ರದ ನಂತರ ನಿತ್ಯದ ನಡೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ 73 ಅಧ್ಯಾಯಗಳ ನಿಯಮದಲ್ಲಿ 48ನೆಯ ಅಧ್ಯಾಯವು ಮೈಮುರಿದು ದುಡಿಯುವುದನ್ನು ಹೇಳುತ್ತದೆ. ಆದರೆ ಕ್ಲೂನಿಯಲ್ಲಿ ದಿನದ ಹೆಚ್ಚಿನ ಹೊತ್ತು ಪ್ರಾರ್ಥನಾಗಾಯನಕ್ಕೇ ಹೋಗುತ್ತಿತ್ತು. ನಿಯಮವನ್ನು ಓದಿ ಜೀವನವನ್ನು ಊಹಿಸಿದರೆ ತಪ್ಪಾಗುತ್ತದೆ.

ಕಟ್ಟಡವನ್ನು ಕೊನೆಗೆ ನೋಡಬೇಕು. ಕ್ಲೂನಿಯಲ್ಲಿ ಒಂದಾದ ಮೇಲೊಂದು ಕಟ್ಟಿದ ಗುಡಿಗಳಲ್ಲಿ 1088ರಲ್ಲಿ ಆರಂಭವಾದ ಮೂರನೆಯದರ ಉದ್ದ ಸುಮಾರು 187 ಮೀಟರ್. ಇದರ ಅಂದಾಜು ಸಿಗಬೇಕಾದರೆ ಗೋಳಗುಮ್ಮಟದೊಳಗೆ ನಿಂತು, ಸುಮಾರು 41 ಮೀಟರಿನ ಆ ಒಳಾಂಗಣವನ್ನು ಈ ಗೋಡೆಯಿಂದ ಆ ಗೋಡೆಗೆ ನಡೆದು, ಹಾಗೆ ನಾಲ್ಕೂವರೆ ಸಲ ನಡೆಯಬೇಕು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1790ರಲ್ಲಿ ಮಠ ಮುಚ್ಚಿತು. 1798ರಲ್ಲಿ ಕಟ್ಟಡವನ್ನು ಮಾರಿದರು, ಕೊಂಡವರು ಕಲ್ಲಿಗಾಗಿ ಕೆಡವಿದರು. ಈಗ ಎದ್ದು ನಿಂತಿರುವುದು ಮುಖ್ಯವಾಗಿ ಶಿಲುಬೆಯಾಕಾರದ ಆ ಗುಡಿಯ ದಕ್ಷಿಣದ ಅಡ್ಡತೋಳು ಮತ್ತು ಅದರ ಮೇಲಿನ ಎಂಟು ಮೂಲೆಯ ಗಂಟೆಗೋಪುರ.