ಮೊದಲು ಗೋಡೆ ತಟ್ಟಿ ನೋಡಿ, ಆಮೇಲೆ ರ್ಯಾಕ್ ಕೂರಿಸಿ

ವಿಜಯಪುರದ ಹಳೆಯ ಪೇಟೆಯಲ್ಲಿ ಒಂದು ಪತ್ತಿನ ಸಂಘದ ಕಚೇರಿಗೆ ನಾನು ಕೂರಿಸಿಕೊಟ್ಟ ನೆಟ್‌ವರ್ಕ್ ರ್ಯಾಕ್ (ಕಂಪ್ಯೂಟರ್ ಜಾಲದ ಸಲಕರಣೆ ಕೂರಿಸುವ ಪೆಟ್ಟಿಗೆ) ಮೂರೇ ತಿಂಗಳಲ್ಲಿ ಒಂದು ಮಗ್ಗುಲಿಗೆ ವಾಲಿತು. ರ್ಯಾಕ್ ಚೆನ್ನಾಗಿಯೇ ಇತ್ತು. ಎರಡು ಕಲ್ಲುಗಳ ನಡುವಿನ ಮಣ್ಣಿನ ಸಂದಿಗೆ ನಾನು ಬೋಲ್ಟ್ ಹೊಡೆದಿದ್ದೆ. ಹಾಗಾಗಿ ಮೇಜುಗಳಿಂದ ಬರುವ ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್‌ಗಿಂತ ಮೊದಲು ಗೋಡೆಯ ಮಾತು.

ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಕಲ್ಲು ಗಟ್ಟಿ, ಅದನ್ನು ಹಿಡಿದಿರುವ ಮಣ್ಣು ಸಡಿಲ. ಗಿಲಾವು ಮಾಡಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಸಣ್ಣ ಬಿಟ್‌ನಿಂದ ಒಂದು ತೂತು ಕೊರೆದು ನೋಡಿ. ಡ್ರಿಲ್ ಏದುಸಿರು ಬಿಟ್ಟು, ಬೂದು ಬಣ್ಣದ ನುಣ್ಣನೆಯ ಪುಡಿ ಬಂದರೆ ಕಲ್ಲು. ಸರಕ್ಕನೆ ಒಳಗೆ ಹೋದರೆ ಆ ಜಾಗ ಬೇಡ. ರ್ಯಾಕಿನ ನಾಲ್ಕೂ ತೂತುಗಳ ನೇರಕ್ಕೆ ಕಲ್ಲು ಸಿಗುವ ಅದೃಷ್ಟ ನನಗಂತೂ ಇನ್ನೂ ಬಂದಿಲ್ಲ. ಅದಕ್ಕೇ ರ್ಯಾಕಿಗಿಂತ ದೊಡ್ಡದಾದ 18 ಮಿ.ಮೀ. ಪ್ಲೈವುಡ್ ಹಲಗೆ ತರಿಸಿ. ಹಲಗೆಯ ಹಿಂದಿನಿಂದ ರ್ಯಾಕಿನ ಬೋಲ್ಟುಗಳನ್ನು ಮೊದಲೇ ತೂರಿಸಿಡಿ. ಕಲ್ಲು ಸಿಕ್ಕಲ್ಲೆಲ್ಲ ಆಂಕರ್ ಫಾಸ್ಟನರ್ (ತೂತಿನೊಳಗೆ ಹಿಗ್ಗಿ ಹಿಡಿದುಕೊಳ್ಳುವ ಬೋಲ್ಟ್) ಹಾಕಿ ಹಲಗೆಯನ್ನು ಬಿಗಿಯಿರಿ. ರಸಮಟ್ಟ ಇಟ್ಟು ನೋಡಿ, ರ್ಯಾಕನ್ನು ಆ ಬೋಲ್ಟುಗಳಿಗೆ ನೇತುಹಾಕಿ ನಟ್ ಬಿಗಿ ಮಾಡಿ. ಬೆಳಗಾವಿಯ ಮಳೆಗಾಲದಲ್ಲಿ ಶೀತ ಹಿಡಿಯುವ ಗೋಡೆಯಾದರೆ ಬೇರೆ ಗೋಡೆಯನ್ನೇ ಹುಡುಕಿ.

ಸಣ್ಣ ಕಚೇರಿಗೆ 6 ಯು ರ್ಯಾಕ್ ಸಾಕು. ಒಂದು ಯು ಎಂದರೆ 44.45 ಮಿ.ಮೀ. ಎತ್ತರ, ಅಗಲ 19 ಇಂಚು. ಮೇಲೆ 24 ಪೋರ್ಟಿನ ಪ್ಯಾಚ್ ಪ್ಯಾನೆಲ್, ನಡುವೆ ಕೇಬಲ್‌ಗಳನ್ನು ಓರಣವಾಗಿಡುವ ಕೇಬಲ್ ಮ್ಯಾನೇಜರ್, ಕೆಳಗೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್: ಮೂರು ಯು ಮುಗಿಯಿತು.

ರ್ಯಾಕಿನ ಕಂಬದ ಚೌಕ ತೂತಿಗೆ ಸಿಕ್ಕಿಸುವ ಕೇಜ್ ನಟ್‌ಗಳನ್ನು ರ್ಯಾಕ್ ಇನ್ನೂ ನೆಲದ ಮೇಲಿರುವಾಗಲೇ ಕೂರಿಸಿಕೊಳ್ಳಿ. ಏಣಿಯ ಮೇಲೆ ನಿಂತು ಬೆರಳು ಜಜ್ಜಿಕೊಳ್ಳುವುದು ತಪ್ಪುತ್ತದೆ. ರ್ಯಾಕಿನ ಕಂಬದಲ್ಲಿ ಒಂದು ಯುಗೆ ಮೂರು ತೂತುಗಳಿರುತ್ತವೆ, ಆದರೆ ಅಂತರ ಸಮನಾಗಿಲ್ಲ. ಹೆಚ್ಚು ಹತ್ತಿರವಿರುವ ಎರಡು ತೂತುಗಳ ನಡುವೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ಗಮನಿಸದೆ ಒಂದು ತೂತು ಆಚೀಚೆಯಾದರೆ ಮುಂದಿನ ಪ್ಯಾನೆಲ್ ಕೂರುವುದೇ ಇಲ್ಲ.

ಈಗ ಕೇಬಲ್. ಪ್ಯಾನೆಲ್‌ನಿಂದ ಮೇಜಿನ ಪಕ್ಕದ ಸಾಕೆಟ್‌ವರೆಗೆ 90 ಮೀಟರ್ ಮೀರಬಾರದು. ಕರೆಂಟ್ ವೈರಿನ ಪೈಪಿನಲ್ಲಿ ಇದನ್ನು ತೂರಿಸಬೇಡಿ. ರ್ಯಾಕಿನ ಹತ್ತಿರ ಒಂದು ಮೀಟರಿನಷ್ಟು ಹೆಚ್ಚುವರಿ ಸುರುಳಿ ಬಿಡಿ. ಕೇಬಲನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದು. ನೆಟ್‌ವರ್ಕಿಗೆ ಬಳಸುವ ಕ್ಯಾಟ್ 6 ಕೇಬಲಿಗೆ ಅದು ಸುಮಾರು ಒಂದು ಇಂಚು. ಪಂಚಿಂಗ್ ಮಾಡುವಾಗ, ಅಂದರೆ ಎಳೆಗಳನ್ನು ಪ್ಯಾನೆಲಿನ ಸೀಳಿಗೆ ಒತ್ತಿ ಕೂರಿಸುವಾಗ, ಜೋಡಿ ಎಳೆಗಳ ಹುರಿಯನ್ನು 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬೇಡಿ. ಪ್ಯಾನೆಲ್ ಮೇಲೆ ಎ, ಬಿ ಎಂದು ಎರಡು ಬಣ್ಣದ ಕ್ರಮ ಅಚ್ಚಾಗಿರುತ್ತದೆ. ಎರಡೂ ತುದಿಗೆ ಒಂದನ್ನೇ ಹಿಡಿಯಿರಿ.

ಕಟ್ಟಲು ಪ್ಲಾಸ್ಟಿಕ್ ಟೈ ಬೇಡ, ವೆಲ್ಕ್ರೋ ಪಟ್ಟಿ ಬಳಸಿ. ಟೈಯನ್ನು ಕಿರ್ರನೆ ಎಳೆದು ಬಿಗಿಯುವ ಖುಷಿ ಎಲ್ಲರಿಗೂ ಇದೆ, ಆದರೆ ಒಳಗೆ ಎಳೆಗಳು ಜಜ್ಜುತ್ತವೆ.

ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಿ. ಯಾವ ಸಂಖ್ಯೆ ಯಾರ ಮೇಜು ಎಂಬ ಪಟ್ಟಿ ರ್ಯಾಕಿನ ಬಾಗಿಲ ಒಳಗಿರಲಿ. ಅದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕಚೇರಿಗಳಲ್ಲಿ ಮೇಜುಗಳು ವರ್ಷಕ್ಕೊಮ್ಮೆಯಾದರೂ ಜಾಗ ಬದಲಿಸುತ್ತವೆ.