ಫೆಸ್ ಊರಿನ ಹಮಾಮ್‌ನಲ್ಲಿ ಸ್ನಾನ, ನನ್ನ ಅನುಭವ

ಮೊರಾಕ್ಕೊಗೆ ಹೋದೋರು ಸುಮಾರು ಜನ ಹೋಟೆಲ್ ಸ್ಪಾದಲ್ಲೇ ಹಮಾಮ್ (ಬಿಸಿ ಹಬೆಯ ಸ್ನಾನ, ಸ್ನಾನದ ಮನೆಗೂ ಅದೇ ಹೆಸರು) ಮುಗಿಸ್ಕೊಂಡು ಬರ್ತಾರೆ. ನಾನು ಫೆಸ್‌ನ ಮದೀನಾದಲ್ಲಿ, ಅಂದ್ರೆ ಗೋಡೆ ಸುತ್ತಿದ ಹಳೇ ಊರಲ್ಲಿ, ಉಳ್ಕೊಂಡಿದ್ದಾಗ ಬೇಕಂತಲೇ ಓಣಿಯ ಹೆಂಗಸ್ರು ಹೋಗೋ ಹಮಾಮ್‌ಗೇ ಹೋದೆ, ಹೋಗೋ ಯೋಚನೆ ಇರೋ ಹೆಂಗಸ್ರಿಗೆಲ್ಲ ಅದನ್ನೇ ಹೇಳ್ತೀನಿ, ಯಾಕಂದ್ರೆ ಅಲ್ಲಿ ಯಾರಿಗೂ ಅವಸರ ಇಲ್ಲ, ಆ ಸ್ನಾನಕ್ಕೆ ಬೇಕಾಗಿರೋದೂ ಅದೇ.

ಮೊದ್ಲು ಟೈಮಿಂಗ್ ಕೇಳ್ಕೊಳ್ಳಿ. ಕೆಲವು ಕಡೆ ಗಂಡಸ್ರಿಗೆ ಹೆಂಗಸ್ರಿಗೆ ಬೇರೆ ಬೇರೆ ಬಾಗಿಲು, ಕೆಲವು ಕಡೆ ಒಂದೇ ಕಟ್ಟಡ, ಹೊತ್ತು ಮಾತ್ರ ಬೇರೆ. ರಂಜಾನ್‌ನಲ್ಲಿ ಇದೆಲ್ಲಾ ಬದಲಾಗತ್ತೆ. ಸಾಮಾನು ನಾವೇ ಒಯ್ಯಬೇಕು: ಬಕೆಟ್, ಚೊಂಬು, ಕೂರಕ್ಕೆ ಸಣ್ಣ ಮ್ಯಾಟ್, ರಬ್ಬರ್ ಚಪ್ಪಲಿ, ಟವೆಲ್, ಆಮೇಲೆ ಹಾಕ್ಕೊಳ್ಳೋಕೆ ಒಣಗಿದ ಒಳಉಡುಪು. ಸೋಪು ಮಾತ್ರ ಅಲ್ಲೇ ಮಾರ್ಕೆಟ್‌ನಲ್ಲಿ ತಗೊಳ್ಳಿ, ಬೆಲ್ದಿ ಸೋಪು ಅಂತಾರೆ, ಆಲಿವ್ ಎಣ್ಣೆಯಿಂದ ಮಾಡಿದ್ದು, ಕಪ್ಪು-ಕಂದು ಬಣ್ಣ, ಹರಳೆಣ್ಣೆಗಿಂತ ದಪ್ಪ ಅಂಟಂಟು. ಅಂಗಡಿಯವನು ಡಬ್ಬದಿಂದ ಎತ್ತಿ ತೂಕ ಮಾಡಿ ಕೊಡ್ತಾನೆ. ಜೊತೆಗೆ ಕೆಸ್ಸಾ ಅನ್ನೋ ಒರಟು ಕೈಗವಸು, ತಲೆಗೆ ಗಸೂಲ್, ಅದು ಮುಲೂಯಾ ನದಿ ಕಣಿವೆ ಕಡೆ ಅಗೆದು ತೆಗೆಯೋ ಜೇಡಿಮಣ್ಣು, ನೀರಲ್ಲಿ ನೆನೆಸಿದ್ರೆ ಬೆಣ್ಣೆ ಹಂಗೆ ಆಗತ್ತೆ.

ಒಳಗೆ ಒಂದರ ಹಿಂದೆ ಒಂದು ರೂಮು, ಒಳಗೊಳಗೆ ಹೋದಷ್ಟೂ ಬಿಸಿ ಜಾಸ್ತಿ. ಹಿಂದಿನ ಗಲ್ಲಿಯಲ್ಲಿ ಒಲೆ ಇರತ್ತೆ, ಅಲ್ಲಿ ಒಬ್ಬ ಕೂತು ಸೌದೆ, ಮರದ ಹೊಟ್ಟು ಒಟ್ಟುತ್ತಾ ಇರ್ತಾನೆ, ಅದರ ಬಿಸಿಯೇ ನೀರಿಗೂ ನೆಲಕ್ಕೂ. ಮರ್‍ರಾಕೇಶ್‌ನಲ್ಲಂತೂ ಅದೇ ಬೂದಿಯಲ್ಲಿ ಮಾಂಸದ ಮಡಕೆ ಹೂತು ಗಂಟೆಗಟ್ಲೆ ಬೇಯಿಸ್ತಾರೆ, ತಂಜಿಯಾ ಅಂತ. ಮೇಲೆ ಗುಮ್ಮಟದ ತೂತುಗಳಿಂದ ಮಾತ್ರ ಬೆಳಕು.

ಬಟ್ಟೆ ವಿಷಯ ನೇರವಾಗಿ ಹೇಳ್ತೀನಿ. ಹೆಂಗಸ್ರು ಕೆಳಗಿನ ಒಳಉಡುಪು ಒಂದೇ ಹಾಕ್ಕೊಂಡಿರ್ತಾರೆ, ಗಂಡಸ್ರ ಕಡೆನೂ ಚಡ್ಡಿ ತೆಗೆಯಲ್ಲ. ಅಜ್ಜಿ, ಬಾಣಂತಿ, ಪುಟ್ಟ ಮಕ್ಕಳು ಎಲ್ಲಾ ಒಟ್ಟಿಗೆ ಇರೋದ್ರಿಂದ, ಯಾರೂ ಯಾರನ್ನೂ ನೋಡ್ತಾ ಕೂರಲ್ಲ. ನನ್ನ ಸಂಕೋಚ ನೀರು ಹಿಡಿಯೋಷ್ಟರಲ್ಲೇ ಹೋಯ್ತು.

ಕ್ರಮ ಮುಖ್ಯ. ಬಿಸಿ ರೂಮಲ್ಲಿ ಬೆವರೋ ತನಕ ಕೂತೆ, ಮೈಗೆಲ್ಲಾ ಬೆಲ್ದಿ ಹಚ್ಕೊಂಡೆ, ಉಜ್ಜಲಿಲ್ಲ, ಹಂಗೇ ಹತ್ತು ನಿಮಿಷ ಬಿಟ್ಟು ತೊಳ್ಕೊಂಡೆ. ಈ ಕಾಯೋದನ್ನ ಬಿಟ್ರೆ ಕೆಸ್ಸಾ ಬರೀ ಕೆರೆಯತ್ತೆ, ಕೊಳೆ ಬರಲ್ಲ. ಆಮೇಲೆ ನಡು ರೂಮಲ್ಲಿ ತಯಾಬಾ, ಅಂದ್ರೆ ಉಜ್ಜೋ ಹೆಂಗಸು, ನನ್ನನ್ನ ನೆಲದ ಮೇಲೆ ಮಲಗಿಸಿ ನನ್ನ ಕೈಯನ್ನ ತನ್ನ ತೊಡೆ ಮೇಲೆ ಇಟ್ಕೊಂಡು ಮಣಿಕಟ್ಟಿಂದ ಭುಜದವರೆಗೆ ಒಂದೇ ಎಳೆತದಲ್ಲಿ ಉಜ್ಜಿದ್ರು, ಬೂದು ಬಣ್ಣದ ಎಳೆ ಎಳೆ ಸುರುಳಿ ಸುರುಳಿಯಾಗಿ ಬಂತು. ಅದನ್ನ ನಂಗೆ ತೋರಿಸಿ ಖುಷಿಯಿಂದ ತಲೆ ಆಡಿಸಿದ್ರು. ಭಾಷೆ ಬರ್ದೇ ಇದ್ರೂ ತೊಂದ್ರೆ ಇಲ್ಲ, ಸೊಂಟಕ್ಕೆ ಮೆಲ್ಲಗೆ ತಟ್ಟಿದ್ರೆ ಮಗ್ಗುಲಾಗ್ಬೇಕು, ಅಷ್ಟೇ. ಜೋರಾದ್ರೆ "ಶ್ವಿಯಾ" ಅನ್ನಿ, ಕೈ ಹಗುರ ಮಾಡ್ತಾರೆ. ಹಿಂದಿನ ದಿನ ವ್ಯಾಕ್ಸಿಂಗ್, ಶೇವಿಂಗ್ ಮಾಡಿಸ್ಕೊಂಡು ಹೋಗ್ಬೇಡಿ, ಉರಿ ತಡ್ಕೊಳ್ಳಕ್ಕಾಗಲ್ಲ. ಬಿಪಿ ಇರೋರು, ಗರ್ಭಿಣಿಯರು ಡಾಕ್ಟರ್ ಕೇಳದೆ ಆ ಬಿಸಿಗೆ ಇಳೀಬೇಡಿ.

ಕೊನೆಗೆ ತಲೆಗೆ ಗಸೂಲ್, ಉಗುರು ಬೆಚ್ಚಗಿನ ನೀರು. ಹೊರಗಿನ ರೂಮಲ್ಲಿ ತಲೆಗೆ ಟವೆಲ್ ಸುತ್ಕೊಂಡು ಕಿತ್ತಳೆ ತಿಂದ್ಕೊಂಡು ಸುಮಾರು ಹೊತ್ತು ಕೂರ್ಬೇಕು, ತಟ್ಟನೆ ಎದ್ದು ಬೀದಿಗೆ ಹೋದ್ರೆ ತಲೆ ಸುತ್ತತ್ತೆ. ಪಕ್ಕದವರು "ಬ್ಸಹ್ಹಾ", ಅಂದ್ರೆ ಆರೋಗ್ಯವಾಗಿರಿ, ಅಂತ ಹಾರೈಸ್ತಾರೆ, ನಗ್ತಾ ಒಂದು "ಶುಕ್ರನ್" (ಥ್ಯಾಂಕ್ಸ್) ಹೇಳಿ.

ಪ್ರವೇಶಕ್ಕೆ ನಾನು ಕೊಟ್ಟಿದ್ದು 20 ದಿರಂ, ಉಜ್ಜಿದ್ದಕ್ಕೆ ಬೇರೆ. ಅಲ್ಲಿ ದಯವಿಟ್ಟು ಚೌಕಾಸಿ ಬೇಡ. ಬಹಳ ಕಡೆ ತಯಾಬಾಗಳಿಗೆ ಸಂಬಳ ಅಂತ ಇರಲ್ಲ, ಗಿರಾಕಿ ಕೊಟ್ಟಿದ್ದೇ ಸಂಪಾದನೆ. 2024ರಲ್ಲಿ ಬರಗಾಲಕ್ಕೆ ನೀರು ಉಳಿಸ್ಬೇಕು ಅಂತ ಹಲವು ಊರುಗಳಲ್ಲಿ ವಾರಕ್ಕೆ 3 ದಿನ ಹಮಾಮ್ ಮುಚ್ಚಿಸಿದಾಗ ಇವರ ದುಡಿಮೆಗೂ ಪೆಟ್ಟು ಬಿದ್ದಿತ್ತು. ಅದಕ್ಕೇ ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಅವರ ಕೈಗೇ ಕೊಡಿ, ನೀರನ್ನೂ ಬಕೆಟ್ ಲೆಕ್ಕದಲ್ಲೇ ಬಳಸಿ.